ಎರಡು ಬೆರಳಿನ ಜಾಗ

ಮನೆಯಲ್ಲಿ ಕೆಟ್ಟ ವಾಸನೆ ಬಂದರೆ ನಾವು ಮೊದಲು ಯಾರನ್ನು ಹೊರಗೆ ಹಾಕುತ್ತೇವೆ? ನಾಯಿಯನ್ನು. ವಾಸನೆ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕುತ್ತೇವೆ. ಹುಡುಕಿದರೆ ಅದೇ ದೊಡ್ಡ ಮಾತು.

ನರಗುಂದ ಬ್ರಿಟಿಷರ ವಿರುದ್ಧ ಬಂಡೇಳುವುದಕ್ಕೆ ಮೂರು ವರ್ಷ ಮೊದಲಿನ ಕಥೆ ಇದು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಚೌಡವ್ವ ಒಬ್ಬಳೇ ಇದ್ದಳು. ಗಂಡ ಹೂವಪ್ಪ ಆ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಉಳಿದದ್ದು ಒಂದು ಕುಣಿಮಗ್ಗ, ಒಂದು ನಾಯಿ.

ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ನಾಯಿ ಮರಿಯಾಗಿದ್ದಾಗಿನಿಂದ ಆ ಕತ್ತಲೆ ಕುಣಿಯಲ್ಲೇ, ನೇಯುವವರ ಪಾದದ ಮೇಲೆ ಮಲಗುತ್ತಿತ್ತು. ಎದ್ದರೆ ಮಾತ್ರ ಲಾಳಿಯ ಹಾಗೆ ಅತ್ತಿಂದಿತ್ತ ಒಂದೇ ಸಮ ಓಟ. ಅದಕ್ಕೇ ಹೂವಪ್ಪ ಲಾಳ್ಯಾ ಎಂದು ಹೆಸರಿಟ್ಟಿದ್ದ. ದೃಷ್ಟಿ ತಾಗದಿರಲಿ ಎಂದು ಸೆರಗಿಗೆ ತಂದಿದ್ದ ಕೆಂಪು ರೇಷ್ಮೆಯನ್ನು ಹುರಿಮಾಡಿ ಅದರ ಕೊರಳಿಗೆ ಕಟ್ಟಿದ್ದ.

"ನೇಕಾರನ ಗಂಟಿದು. ಯಮ ಬಂದ್ರೂ ಬಿಚ್ಚಂಗಿಲ್ಲ!" ಎಂದು ನಕ್ಕಿದ್ದ.

ಮುಂದಿನ ವಾರವೇ ಯಮ ಬಂದ. ಗಂಟಿನ ಗೊಡವೆಗೆ ಹೋಗಲಿಲ್ಲ.

ಆಮೇಲೆ ಚೌಡವ್ವ ಮಾತಾಡುತ್ತಿದ್ದದ್ದು ಲಾಳ್ಯಾನ ಜೊತೆ ಮಾತ್ರ. "ಲಾಳ್ಯಾ, ಎಳಿ ಹರೀತು ನೋಡೋ." "ಲಾಳ್ಯಾ, ಇವತ್ತ ರೊಟ್ಟಿ ದಪ್ಪ ಆತು." ಉತ್ತರವನ್ನೂ ತಾನೇ ಗಂಡನ ದಪ್ಪ ದನಿಯಲ್ಲಿ ಕೊಟ್ಟುಕೊಳ್ಳುತ್ತಿದ್ದಳು: "ದಪ್ಪ ಇದ್ರ ಇರಲಿ ಬಿಡ, ಹಲ್ಲಿಗೂ ಕೆಲಸ ಬೇಕಲ್ಲ!" ಗೋಡೆಯಾಚೆ ಎಲ್ಲ ಕೇಳಿಸುತ್ತಿತ್ತು. ಯಾರೂ ಒಳಗೆ ಬರುತ್ತಿರಲಿಲ್ಲ.

ಚಳಿಗಾಲಕ್ಕೆ ಲಾಳ್ಯಾ ರೊಟ್ಟಿ ಬಿಟ್ಟಿತು. ನುಂಗಲು ಹೋದರೆ ಕೆಮ್ಮು. ತಲೆ ಒಂದು ಕಡೆ ವಾಲಿತು. ಕುಣಿಯಿಂದ ವಾಸನೆ ಎದ್ದಿತು. ಕೊರಳ ದಟ್ಟ ಕೂದಲು ಒದ್ದೆಯಾಗಿದ್ದದ್ದು ಕಂಡು ಚೌಡವ್ವ ಅದರ ಮೇಲೆಯೇ ಅರಿಷಿಣ ಮೆತ್ತಿದಳು. ಉಪ್ಪು-ಮೆಣಸಿನಕಾಯಿ ನಿವಾಳಿಸಿದಳು. ವಾಸನೆ ಹೆಚ್ಚಾಯಿತು.

ಪಕ್ಕದ ಮನೆಯ ಗುರುಸಂಗಪ್ಪ ಬಾಗಿಲಲ್ಲಿ ನಿಂತ. ಆತನಿಗೆ ಕೆಮ್ಮದೆ ಮಾತು ಹೊರಡುತ್ತಿರಲಿಲ್ಲ.

"ಖ್ಖೊ... ಚೌಡವ್ವಾ, ಅದು ಕೊಳ್ಯಾಕ ಹತ್ತೈತಿ. ಖ್ಖೊ... ಚೀಲದಾಗ ಹಾಕಿ ಲಕ್ಕಲಕಟ್ಟಿ ದಾರ್ಯಾಗ ಬಿಟ್ಟ ಬಾ."

"ನೀವು ನಾಕ ವರ್ಷದಿಂದ ಕೆಮ್ಮಾಕ ಹತ್ತೀರಿ, ಮಾವಾರ. ನಿಮ್ಮನ್ನ ಯಾರರ ಬಿಟ್ಟ ಬಂದಾರೇನ್ರಿ?"

ಗುರುಸಂಗಪ್ಪನಿಗೆ ಆ ಗಳಿಗೆ ಕೆಮ್ಮೂ ಬರಲಿಲ್ಲ. ಹೋಗುತ್ತ ಹೇಳಿದ: "ಹಂಗಾರ ಫಕೀರಸಾಬಗರ ತೋರಸು. ನಮ್ಮ ಎತ್ತಿನ ಹುಣ್ಣು ಅವನ ಮಾಯಿಸ್ಯಾನ."

ಫಕೀರಸಾಬ ಸಂತೆ ಬಯಲಿನ ಬೇವಿನ ಗಿಡದ ಕೆಳಗೆ ಎತ್ತುಗಳ ಕಾಲಿಗೆ ನಾಲ ಹೊಡೆಯುವವನು. ಚೌಡವ್ವ ನಾಯಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಟಳು. ಮಟಮಟ ಮಧ್ಯಾಹ್ನ. ವಾಸನೆ ಮುಂದೆ, ಅವಳು ಹಿಂದೆ. ಒಂದೊಂದೇ ಮನೆಯ ಬಾಗಿಲು ಮುಚ್ಚಿಕೊಂಡಿತು.

ಫಕೀರಸಾಬ ಮೂಗು ಮುಚ್ಚಲಿಲ್ಲ. ಮೆತ್ತನೆಯ ಬಟ್ಟೆಯಿಂದ ನಾಯಿಯ ಬಾಯಿ ಸುತ್ತಿ ಕಟ್ಟಿದ.

"ಅದು ಕಚ್ಚೂದಿಲ್ಲಣ್ಣಾ."

"ನೋವಾದ್ರ ಮನಿ ನಾಯಿನೂ ಕಚ್ಚತೈತಿ ತಂಗಿ. ಅದರ ತಪ್ಪಲ್ಲ."

ಕೊರಳ ಕೂದಲನ್ನು ಕತ್ತರಿಸುತ್ತ ಹೋದ. ಗಾಯ ಕಂಡಿತು. ಹುಳು ಕಂಡವು. ಇನ್ನೂ ಒಳಗೆ, ಮಾಂಸದಲ್ಲಿ ಹುದುಗಿದ ಒಂದು ಕೆಂಪು ಗೆರೆ.

"ಇದರಾಗ ದಾರ ಐತೆವ್ವ. ಮರಿ ಇದ್ದಾಗ ಯಾರೋ ಕಟ್ಟ್ಯಾರ. ನಾಯಿ ಬೆಳದೈತಿ. ದಾರ ಬೆಳದಿಲ್ಲ."

ಚೌಡವ್ವ ಬಗ್ಗಿ ಆ ಕೆಂಪು ಗೆರೆಯನ್ನು ನೋಡಿದಳು. ಎಂಟು ತಿಂಗಳು ಪಾದದಿಂದ ಮುಟ್ಟಿದ್ದಳು, ಮಾತಿನಿಂದ ಮುಟ್ಟಿದ್ದಳು. ಅರಿಷಿಣ ಮೆತ್ತುವಾಗಲೂ ಕೊರಳ ಕೂದಲೊಳಗೆ ಬೆರಳು ಹಾಕಿರಲಿಲ್ಲ. ಆ ದಾರ ತೆಗೆಯಬಾರದು ಎಂದೇ ಹಾಕಿರಲಿಲ್ಲ.

"ನಮ್ಮವರು ಕಟ್ಟಿದ್ದು. ಕತ್ತರಸಬ್ಯಾಡಣ್ಣಾ, ಬಿಚ್ಚು."

"ನೇಕಾರ ಗಂಟು ಬಿಚ್ಚತೈತೇನು? ನನಗಿಂತ ನಿನಗ ಚಲೋ ಗೊತ್ತೈತಿ."

"ಅವರ ಕೈದು ಅಂತ ಉಳದದ್ದು ಅದೊಂದ."

ಫಕೀರಸಾಬ ಕತ್ತರಿಯನ್ನು ನೆಲಕ್ಕಿಟ್ಟ. "ಹೂವಪ್ಪ ಇವತ್ತ ಇಲ್ಲಿ ಕುಂತಿದ್ರ ಏನಂತಿದ್ದ? ನೀನ ಹೇಳು."

ಅವಳಿಗೆ ಆ ದನಿ ಬರುತ್ತಿತ್ತಲ್ಲ, ದಿನವೂ ಆಡುತ್ತಿದ್ದಳಲ್ಲ. ಬಾಯಿ ತೆರೆದಳು. ದನಿ ಅರ್ಧಕ್ಕೆ ಒಡೆಯಿತು.

"ಲಗೂ ಕತ್ತರಸ ಹುಚ್ಚೀ, ಅಂತಿದ್ರು."

"ಗಂಟಿನ ಕಡೆ ಮುಟ್ಟಂಗಿಲ್ಲ. ಈ ಮಗ್ಗಲಕ್ಕ ಕತ್ತರಸ್ತೀನಿ. ಅದರ ತಲಿ ಗಟ್ಟಿ ಹಿಡಿ."

ದಾರ ಬಂತು. ಅದು ಅವಳ ಬೋಳು ಮುಂಗೈಗೆ ಕಟ್ಟುವಷ್ಟಿತ್ತು, ಒಂದು ಬಳೆಗಿಂತ ಒಂಚೂರು ದೊಡ್ಡದು.

"ನಾವು ಎತ್ತಿನ ಮೂಗುದಾರಾನೂ ನೋಡಿ ನೋಡಿ ಬದಲ ಮಾಡ್ತೀವಿ," ಎಂದ ಫಕೀರಸಾಬ. "ಪ್ರೀತಿಲೆ ಕಟ್ಟಿದ್ದರ ಒಳಗೂ ಎರಡ ಬೆರಳು ಹೋಗಬೇಕು, ತಂಗಿ."

ಹುಳು ತೆಗೆದ. ಬೇವಿನೆಲೆ ಕುದಿಸಿ ಆರಿಸಿದ ನೀರಿನಿಂದ ದಿನಕ್ಕೆ ಎರಡು ಸಲ ತೊಳೆ, ನೊಣ ಕೂಡಗೊಡಬೇಡ ಎಂದ.

ಚೌಡವ್ವ ಮಗ್ಗ ನಿಲ್ಲಿಸಿದಳು. ನೂಲು ಗಟ್ಟಿಯಾಗಲೆಂದು ಬಳಿಯಲು ಇಟ್ಟಿದ್ದ ಜೋಳದ ಹಿಟ್ಟಿನಲ್ಲೇ ತಿಳಿಗಂಜಿ ಕಾಸಿ, ಅದು ನೆಕ್ಕಿದಷ್ಟು ನೆಕ್ಕಿಸಿದಳು. ಐದನೆಯ ದಿನ ಲಾಳ್ಯಾ ತಲೆಯನ್ನೇ ಎತ್ತಲಿಲ್ಲ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ತುದಿ ಅದ್ದಿ ತುಟಿ ಒದ್ದೆ ಮಾಡುತ್ತ ಕೂತಳು. ಮಗ್ಗದ ಸದ್ದಿಲ್ಲದ ಮನೆ ಬಾವಿಯ ಹಾಗಿತ್ತು. ಗಂಡನ ದನಿಯಲ್ಲಿ ಆಡಲೂ ಅವಳಿಗೆ ಆಗಲಿಲ್ಲ.

ಸಂಜೆಗೆ ಗೋಡೆಯಾಚೆಯಿಂದ ಬಂತು: "ಖ್ಖೊ... ಐತೇನವ್ವಾ ಅದು?"

"ಐತ್ರಿ, ಮಾವಾರ."

ಮರುದಿನವೂ ಕೇಳಿದ. ಅದರ ಮರುದಿನವೂ.

ಇಪ್ಪತ್ತೆರಡನೆಯ ದಿನ ಅವಳು ಹರಿದ ಎಳೆ ಕಟ್ಟೋಣವೆಂದು ಕುಣಿಗೆ ಕಾಲಿಟ್ಟಳು. ಸ್ವಲ್ಪ ಹೊತ್ತಿಗೆ ಏನೋ ತಡವರಿಸುತ್ತ ಇಳಿದು ಬಂದು ಪಾದದ ಮೇಲೆ ಭಾರವಾಗಿ ಬಿದ್ದಿತು. ಬೆಚ್ಚಗಿತ್ತು. ಚೌಡವ್ವ ಬಗ್ಗಿ, ಈ ಸಲ ಕೈಯಿಂದ ಕೊರಳು ಸವರಿದಳು. ಗಾಯ ಒಣಗಿತ್ತು. ಕೆಂಪು ದಾರವನ್ನು ಮಗ್ಗದ ಗೂಟಕ್ಕೆ ಕಟ್ಟಿದಳು. ಗೂಟ ಬೆಳೆಯುವುದಿಲ್ಲ.

ಮತ್ತೆ ಶುರುವಾದ ಮಗ್ಗದ ಸದ್ದು ಕೇಳಿ ಗುರುಸಂಗಪ್ಪ ಗೋಡೆಯಾಚೆ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಬಂದ, ಕೈಯಲ್ಲಿ ಅರ್ಧ ರೊಟ್ಟಿ.

"ಖ್ಖೊ... ಎಲ್ಲೈತಿ?"

"ಇಲ್ಲೇ ಐತ್ರಿ ಮಾವಾರ, ಕಾಲ ಮ್ಯಾಲ. ಕೂಡ್ರ ಬರ್ರಿ."

ಓದಿದಿರಲ್ಲ, ಈಗ ಈ ಹಾಳೆ ಕೆಳಗಿಟ್ಟು ನಿಮ್ಮ ನಾಯಿಯನ್ನು ಕರೆಯಿರಿ. ಕೊರಳಪಟ್ಟಿಯೋ, ತಾಯತವೋ, ಗೆಜ್ಜೆಯ ದಾರವೋ, ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ನೋಡಿರಿ. ಮರಿಯಾದರೆ ವಾರಕ್ಕೊಮ್ಮೆ ನೋಡಿರಿ. ದಾರ ಮಾಂಸಕ್ಕೆ ಇಳಿದಿದ್ದರೆ ನೀವೇ ಕೀಳಬೇಡಿ. ಹುಳು ಬಿದ್ದರೆ ಸೀಮೆಎಣ್ಣೆ, ಫಿನಾಯಿಲು ಸುರಿಯಬೇಡಿ. ಫಕೀರಸಾಬನಿಗೆ ಬೇವಿನ ನೀರು ಬಿಟ್ಟರೆ ಗತಿ ಇರಲಿಲ್ಲ. ನಮಗೆ ಪಶು ಆಸ್ಪತ್ರೆ ಇದೆ, ಅಲ್ಲಿಗೆ ಒಯ್ಯಿರಿ. ವಾಸನೆ ಬಂತೆಂದು ದಾರಿಯಲ್ಲಿ ಬಿಟ್ಟು ಬರಬೇಡಿ. ನಿಮ್ಮ ಓಣಿಯಲ್ಲಿ ಒಬ್ಬರೇ ಕೂತು ನಾಯಿಯ ಆರೈಕೆ ಮಾಡುವವರಿದ್ದರೆ, ಗೋಡೆಯಾಚೆಯಿಂದಾದರೂ ಒಮ್ಮೆ ಕೇಳಿರಿ.

ನೋವನ್ನು ನಾಯಿ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಎರಡು ಬೆರಳು ಕೇಳಬೇಕು.