ನೀರುನಾಯಿ ಇರುವುದಿಲ್ಲ

ಹನ್ನೊಂದು ವರ್ಷಗಳ ಮೇಲೆ ನಮ್ಮ ಹೊಲದಂಚಿನ ಹೊಳೆಗೆ ನೀರುನಾಯಿ ಬಂತು. ಬಂದದ್ದು ಸಾಲದೆಂದು ದಡದ ಮರದ ಬೇರುಗಳ ಸಂದಿಯ ಬಿಲದಲ್ಲಿ ಎರಡು ಮರಿ ಹಾಕಿತು. ಹೊಲ ನನ್ನದೂ ನನ್ನ ತಮ್ಮನದೂ. ಅವನು ಆ ದಡ ಸವರಿ ಕಲ್ಲು ಕಟ್ಟಿಸಲು ಸೋಮವಾರಕ್ಕೆ ಯಂತ್ರ ಗೊತ್ತುಮಾಡಿದ್ದ. ಎಲೆಕೋಸಿಗೆ ಇನ್ನೂ ನಾಲ್ಕು ಸಾಲು ಜಾಗ ಸಿಗುತ್ತದಂತೆ. ಎಲೆಕೋಸಿಲ್ಲದೆ ಜಗತ್ತು ಇಷ್ಟೊಂದು ಕಂಗಾಲಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ದಡ ಮುಟ್ಟಬೇಡ ಅಂತ ಪಂಚಾಯ್ತಿ ಆಫೀಸಿಂದ ಕಾಗದ ತಂದ್ಬಿಡು ಅಕ್ಕ, ನಿಲ್ಲಿಸ್ತೀನಿ," ಎಂದ. ಮಾತಿಗೆ ತಪ್ಪುವವನಲ್ಲ, ಕಾಗದಕ್ಕಂತೂ ತಪ್ಪುವುದೇ ಇಲ್ಲ.

ಅರ್ಜಿ ಬರೆದೆ: "ನಮ್ಮ ಹೊಳೆಯ ದಡದಲ್ಲಿ ನೀರುನಾಯಿ ಮರಿ ಹಾಕಿದೆ. ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಕಿಟಕಿಯ ಗುಮಾಸ್ತರು ಅದರಲ್ಲಿ 'ನಾಯಿ' ಎನ್ನುವಷ್ಟನ್ನು ಮಾತ್ರ ಓದಿ, ಮೊಹರು ಗುದ್ದಿ, ಬಲಗಡೆಯ ಟ್ರೇಗೆ ಎಸೆದರು.

ಮೂರನೇ ದಿನ ಬೆಳಿಗ್ಗೆ ಬಂದೇಬಿಟ್ಟರು, ಬೀದಿನಾಯಿ ಹಿಡಿಯುವವರು. ಆ ಆಫೀಸು ಅಷ್ಟು ಚುರುಕಾಗಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ನಾಯಿ ಎಲ್ಲಮ್ಮಾ?" ಎಂದ ಬಲೆ ಹಿಡಿದವನು.

"ನೀರಲ್ಲಿ."

"ಅಯ್ಯೋ, ಬಿದ್ಬಿಟ್ಟಿದ್ಯಾ?"

"ಬಿದ್ದಿಲ್ಲ, ಅದು ಇರೋದೇ ಅಲ್ಲಿ. ಅದು ನಾಯಿನೇ ಅಲ್ಲ ಕಣ್ರೀ!"

"ಅರ್ಜೀಲಿ ನೀವೇ ನಾಯಿ ಅಂತ ಬರ್ದಿದೀರಲ್ಲ."

"ಹೆಸರು ಹಾಗಿದೆ ಅಷ್ಟೇ. ಏರೋಪ್ಲೇನ್ ಚಿಟ್ಟೆ ಕಂಡ್ರೆ ಟಿಕೆಟ್ ಕೇಳ್ತೀರಾ?"

ಅವನು ತಲೆ ಕೆರೆದುಕೊಂಡು ಬಲೆ ಮಡಚಿದ. ನನಗೆ ಹೋದ ಜೀವ ಬಂದಂತಾಯಿತು. ನಾಯಿ ಅಲ್ಲದ ಮೇಲೆ ತಮ್ಮ ವಿಭಾಗಕ್ಕೆ ಬರುವುದಿಲ್ಲವೆಂದು, ಅರ್ಜಿಗೊಂದು ಹಿಂಬರಹ ಗೀಚಿ ಮುಂದೆ ಹಿಡಿದ. ಬಲೆ ತೊಲಗಿದರೆ ಸಾಕೆಂದು ನಾನು ಓದದೆ ಸಹಿ ಹಾಕಿದೆ. ಮೇಲೆ ಟೀ ಬೇರೆ ಕೊಟ್ಟೆ.

ಸೋಮವಾರ ನಾನು ಪೇಟೆಯಿಂದ ಬರುವಷ್ಟರಲ್ಲಿ ಯಂತ್ರ ದಡದಲ್ಲಿತ್ತು. ನನ್ನ ಕೂಗಾಟಕ್ಕೆ ತಮ್ಮ ಗಾಬರಿಯಾಗಿ ಅದನ್ನು ನಿಲ್ಲಿಸಿ, ಅಂಚೆಯಲ್ಲಿ ಬಂದ ಕಾಗದ ತೋರಿಸಿದ, ಅದೇ ಹಿಂಬರಹದ ಪ್ರತಿ. "ಸ್ಥಳ ಪರಿಶೀಲಿಸಲಾಗಿ, ಅರ್ಜಿಯಲ್ಲಿ ತಿಳಿಸಿರುವ ನೀರುನಾಯಿ ಎಂಬ ನಾಯಿ ಇರುವುದಿಲ್ಲ. ಅರ್ಜಿ ವಿಲೇವಾರಿಯಾಗಿದೆ."

"ಕೆಳಗೆ ನಿನ್ನ ಸಹೀನೇ ಇದೆ ಅಕ್ಕ. ಎಲ್ಲೋ ಹೊರಟುಹೋಗಿರಬೇಕು ಅಂದ್ಕೊಂಡೆ."

ಬೇರುಗಳಿದ್ದ ಜಾಗ ಆಗಲೇ ಸಪಾಟಾಗಿತ್ತು. ಧಾರಾಳವಾಗಿ ಐದು ಸಾಲು ಹಿಡಿಯುತ್ತಿತ್ತು.

ಆಚೆ ದಡದಲ್ಲಿ ತಾಯಿ ಒಂದು ಮರಿಯನ್ನು ಕಚ್ಚಿಕೊಂಡು ಜೊಂಡಿನೊಳಗೆ ನುಗ್ಗಿತು. ಬರಿಬಾಯಲ್ಲಿ ಹೊರಬಂದು ಮತ್ತೆ ಈಚೆಗೆ ಈಜಿತು. ಬಿಲವಿದ್ದ ಕಡೆ ಹಸಿಮಣ್ಣನ್ನು ಮೂಸಿತು, ಸುತ್ತಿತು, ಮತ್ತೆ ಮೂಸಿತು. ನಾವಿಬ್ಬರು ಹತ್ತಿರವೇ ನಿಂತಿದ್ದರೂ ಹೆದರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಏನಕ್ಕ ಹುಡುಕ್ತಿದೆ ಅದು?" ತಮ್ಮ ಮೆಲ್ಲಗೆ ಕೇಳಿದ.

"ಏನೂ ಇಲ್ಲ ಬಿಡು," ಎಂದೆ. "ಅದು ಇಲ್ಲವೇ ಇಲ್ಲ ಅಂತ ನಾನೇ ಸಹಿ ಹಾಕಿದೀನಲ್ಲ."