ಬೀಗಿತ್ತಿಯರ ಜೋಡಿ

ಮದುವೆಯ ದಿನ ಲಾಸ್ ಏಂಜಲೀಸ್ ಪಕ್ಕದ ಡೈಮಂಡ್ ಬಾರ್ ಊರಿನಿಂದ ಹೊರಟ ಗಂಡಿನ ಕಡೆಯವರು ಫ್ರೀವೇಯಲ್ಲಿ ಸಿಕ್ಕಿಕೊಂಡು ಸ್ಯಾನ್ ಡಿಯೇಗೊ ಮುಟ್ಟುವಷ್ಟರಲ್ಲಿ ಮುಹೂರ್ತ ಮೀರುವುದರಲ್ಲಿತ್ತು. "ಎಲ್‌ಎ ಜನಕ್ಕೆ ಟೈಮ್ ಅನ್ನೋದೇ ಇಲ್ಲ" ಎಂದು ಹೆಣ್ಣಿನ ತಾಯಿ ಕಲಾವತಿ ಪುರೋಹಿತರ ಬಳಿ ಗೊಣಗಿದ್ದು ಗಂಡಿನ ತಾಯಿ ಸುಗಂಧಿಯ ಕಿವಿಗೆ ಬಿತ್ತು. ಆಮೇಲೆ ಎರಡು ವರ್ಷ ಬೀಗಿತ್ತಿಯರಿಬ್ಬರೂ ಹಬ್ಬಕ್ಕೆ ಸೇರಿದಾಗಲೆಲ್ಲ ಬಿಸಿಲು, ಬಿಪಿ, ಮಕ್ಕಳ ಕೆಲಸ, ಇಷ್ಟರಲ್ಲೇ ಮಾತು ಮುಗಿಸುತ್ತಿದ್ದರು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಅವತ್ತೇ ಮುಗಿದಾದರೂ ಹೋಗುತ್ತಿತ್ತು.

ಇಬ್ಬರಿಗೂ ಒಂದು ಹವ್ಯಾಸ ಮಾತ್ರ ಸಮಾನವಾಗಿತ್ತು. ಆದರೆ ಅದರ ಬಗ್ಗೆಯೂ ಅವರು ಮಾತಾಡಿರಲಿಲ್ಲ.

ಕಲಾವತಿ ಸೊರೆಂಟೊ ವ್ಯಾಲಿಯ ಟೆಲಿಕಾಂ ಕಂಪನಿಯೊಂದರಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಸ್ಕ್ರಿಪ್ಸ್ ರ್ಯಾಂಚ್‌ನ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಮಗಳು ರಚನಾಳ ಜೊತೆ ಶೂಟಿಂಗ್ ರೇಂಜ್‌ಗೆ ಹೋಗತೊಡಗಿದ್ದರು. ಮೊದಮೊದಲು ಅವರಿಗೆ ಹಿಡಿಸಿದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಂಬ ಹಿಡಿಯನ್ನು ಎಳೆದು ಹಾಕುವ ಹಳೆಯ ಮಾದರಿಯ ರೈಫಲ್. ನಿಧಾನ, ಶಿಸ್ತು, ಕಾಗದದ ಮೇಲೆ ಅಚ್ಚುಕಟ್ಟಾದ ತೂತು. ಆಮೇಲೆ ಬಲಭುಜ ಬಿಗಿದುಕೊಂಡು ಬೋಲ್ಟ್ ಎಳೆಯುವುದೇ ಕಷ್ಟವಾಯಿತು. ಆಗ ರಚನಾ ತನ್ನ ಸಣ್ಣ ಗುಂಡಿನ ಸೆಮಿ ಆಟೊಮ್ಯಾಟಿಕ್ ಟ್ವೆಂಟಿ-ಟೂ ರೈಫಲ್ಲನ್ನು ಕೈಗೆ ಕೊಟ್ಟಳು. ಟ್ರಿಗರ್ ಒತ್ತಿದಷ್ಟು ಸಲ ಗುಂಡು ಹೋಗುತ್ತದೆ, ಮುಂದಿನ ಗುಂಡು ತಾನೇ ಬಂದು ಕೂರುತ್ತದೆ, ಭುಜಕ್ಕೆ ಒದೆತವೂ ಇಲ್ಲ. ಕಲಾವತಿ ಅದನ್ನು ಒಪ್ಪಿಕೊಂಡರು. ಆದರೆ ಹೊಡೆಯುವುದು ಮಾತ್ರ ಮೊದಲಿನ ಹಾಗೆಯೇ, ಉಸಿರು ಹಿಡಿದು ಒಂದೊಂದಾಗಿ.

ಸುಗಂಧಿ ಉಡುಪಿ ಕಡೆಯವರು. ಗಂಡ ದೇವದಾಸರ ಜೊತೆ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದರು. ಕೋವಿಡ್ ಬಂದು ಏಜೆನ್ಸಿ ಬಾಗಿಲು ಮುಚ್ಚಿ ಮನೆಯಲ್ಲಿ ಮಂಕಾಗಿ ಕೂತಿದ್ದಾಗ ಮಗ ದೀಕ್ಷಿತ್ ಅವರನ್ನು ಲಾಸ್ ಏಂಜಲೀಸ್ ಹೊರವಲಯದ ರೇಂಜ್‌ಗೆ ಕರೆದುಕೊಂಡು ಹೋಗಿದ್ದ. ಇಂಥದೇ ಒಂದು ರೈಫಲ್ ಎತ್ತಿ, ಹತ್ತು ಗುಂಡಿನ ಮ್ಯಾಗಝೀನ್ ಹಾಕಿ, ಟಪಟಪ ಎಂದು ಒಂದೇ ಉಸಿರಿಗೆ ಖಾಲಿ ಮಾಡಿ ಅವರು ನಕ್ಕ ನಗೆ ಪಕ್ಕದ ಲೇನಿನವರಿಗೂ ಕೇಳಿಸಿತಂತೆ. ಏನಕ್ಕಾದರೂ ತಾಗಿತೇ ಎಂದು ಅವರು ಅವತ್ತು ನೋಡಲೂ ಇಲ್ಲ.

ಕಳೆದ ಅಕ್ಟೋಬರಿನಲ್ಲಿ ಸ್ಯಾನ್ ಡಿಯೇಗೊ ಪೂರ್ವದ ಬೆಟ್ಟಗಳ ನಡುವಿನ ರೇಂಜ್‌ನಲ್ಲಿ ಜೋಡಿ ಸ್ಪರ್ಧೆ ಇತ್ತು. ಐದು ಉಕ್ಕಿನ ತಟ್ಟೆಗಳು. ಬೀಪ್ ಕೇಳಿದ ಕೂಡಲೇ ಐದಕ್ಕೂ ಗುಂಡು ತಾಗಿಸಬೇಕು. ಇಬ್ಬರ ಸಮಯವನ್ನೂ ಕೂಡಿ ಲೆಕ್ಕ. ರಚನಾ, ದೀಕ್ಷಿತ್ ಬೇಸಿಗೆಯಲ್ಲೇ ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ರಚನಾ ಬಸುರಿಯಾದಳು. ಆ ಸದ್ದು, ಆ ಸೀಸದ ಹೊಗೆ ಬೇಡ ಎಂದರು ಡಾಕ್ಟರ್. ಸ್ಪರ್ಧೆಗೆ ಎರಡು ದಿನ ಇರುವಾಗ ದೀಕ್ಷಿತ್ ಬ್ಯಾಡ್ಮಿಂಟನ್ ಆಡುತ್ತ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ.

"ಅಮ್ಮನ್ನ ಕೇಳ್ತೀನಿ" ಎಂದಳು ರಚನಾ.

"ನಾನೂ ಅಮ್ಮನ್ನೇ ಕೇಳಿ ಆಯ್ತಲ್ಲ" ಎಂದ ದೀಕ್ಷಿತ್.

ಹೀಗೆ ಶನಿವಾರ ಬೆಳಿಗ್ಗೆ ಬೀಗಿತ್ತಿಯರಿಬ್ಬರೂ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ರಚನಾಳ ರೈಫಲ್ ಇಟ್ಟ ಒಂದೇ ಮೇಜಿನ ಎದುರು ನಿಂತರು. ರಚನಾ ದೂರದ ಪಿಕ್ನಿಕ್ ಮೇಜಿನ ಬಳಿಯೇ ಉಳಿದಳು. ತಂಡದ ಹೆಸರೇನು ಎಂದು ರೇಂಜ್ ಆಫೀಸರ್ ಕೇಳಿದಾಗ ದೀಕ್ಷಿತ್ ನಗುತ್ತ "ಬೀಗಿತ್ತಿ" ಎಂದ. ಆ ನರೆಗಡ್ಡದ ಮನುಷ್ಯ ಮೈಕಿನಲ್ಲಿ ಅದನ್ನು "ಬಿಗ್ ಇಟ್ಟಿ" ಎಂದು ಕೂಗಿದ.

ಮೊದಲ ಸುತ್ತಿನಲ್ಲಿ ಸುಗಂಧಿ ಬೀಪ್ ಮುಗಿಯುವ ಮೊದಲೇ ಶುರು ಮಾಡಿದಂತಿತ್ತು. ಹತ್ತೂ ಗುಂಡು ಹೋದವು. ಎರಡು ತಟ್ಟೆ ಮಾತ್ರ ಸದ್ದು ಮಾಡಿದವು. ಕಲಾವತಿ ಐದೂ ಗುಂಡನ್ನು ಐದೂ ತಟ್ಟೆಗೆ ಸರಿಯಾಗಿ ಹೊಡೆದರು. ಆದರೆ ಅವರು ಮುಗಿಸುವಷ್ಟರಲ್ಲಿ ಹಿಂದೆ ಸರದಿ ಕಾಯುತ್ತಿದ್ದವನೊಬ್ಬ ಆಕಳಿಸಿದ. ಬೋರ್ಡಿನಲ್ಲಿ ಬಿಗ್ ಇಟ್ಟಿ ಎಲ್ಲರಿಗಿಂತ ಕೆಳಗಿತ್ತು.

ಬೆಂಚಿನಲ್ಲಿ ಕೂತು ಇಬ್ಬರೂ ಮ್ಯಾಗಝೀನಿಗೆ ಗುಂಡು ತುಂಬತೊಡಗಿದರು.

"ಬೇಜಾರು ಮಾಡ್ಕೊಳ್ಬೇಡಿ, ಒಂದು ಹೇಳ್ತೇನೆ" ಎಂದರು ಸುಗಂಧಿ. "ನೀವು ಪ್ರತಿ ಸಲ ಟಣ್ ಅಂತ ಕೇಳುವವರೆಗೆ ಕಾಯ್ತೀರಿ. ಎಂತಕ್ಕೆ?"

"ಕೇಳಿಸ್ದೆ ಇದ್ರೆ ತಾಗಿದೆ ಅಂತ ಹೇಗ್ರೀ ಗೊತ್ತಾಗತ್ತೆ?"

"ಒತ್ತುವಾಗ ಗುರಿ ನೋಡುವ ಗಾಜಿನ ಆ ಕೆಂಪು ಚುಕ್ಕೆ ತಟ್ಟೆ ಮೇಲೆ ಇತ್ತಲ್ಲ? ಅಷ್ಟೇ ಸಾಕು. ಮುಂದಿನದಕ್ಕೆ ಹೋಗಿ ಆಗ್ತದೆ."

ಕಲಾವತಿ ಯೋಚಿಸಿದರು. "ಹಾಗಾದ್ರೆ ನಾನೂ ಒಂದು ಹೇಳ್ತೀನಿ. ನಿಮ್ಮ ಬೆರಳು ಬಹಳ ಚುರುಕು. ಆದ್ರೆ ನೀವು ಒತ್ತೋ ಹೊತ್ತಿಗೆ ರೈಫಲ್ ಇನ್ನೂ ದಾರೀಲೇ ಇರತ್ತೆ."

"ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರ್ತದೆ ಅನ್ನಿ."

ಸುಗಂಧಿಯ ಮುಖದಲ್ಲಿ ನಗುವಿತ್ತು. ಆದರೂ ಕಲಾವತಿಯ ಕೈ ನಿಂತಿತು. "ಅವತ್ತು ನಾನು ಹಾಗನ್ನಬಾರದಿತ್ತು" ಎಂದರು ಮೆಲ್ಲಗೆ.

"ಅಂದದ್ದು ಸುಳ್ಳೇನಲ್ಲ ಮಾರಾಯ್ರೆ. ಟ್ರಾಫಿಕ್ ಇದ್ದದ್ದು ಹೌದು. ಆದ್ರೆ ನಾವು ಹೊರಟದ್ದೇ ತಡ. ಇವರ ಪೇಟ ಸಿಗ್ಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟು ಇಡೀ ಮನೆ ಹುಡುಕಿದ್ರು."

ಕಲಾವತಿಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಗುಂಡುಗಳು ಬೆಂಚಿನ ಕೆಳಗೆ ಚೆಲ್ಲಿದವು. ಇಬ್ಬರೂ ಬಗ್ಗಿ ಹೆಕ್ಕಿಕೊಂಡರು.

ಎರಡನೆಯ ಸುತ್ತಿನಿಂದ ಆಟ ಬದಲಾಯಿತು. ಸುಗಂಧಿ ಹೊಡೆಯುವಾಗ ಹಿಂದಿನಿಂದ ಕಲಾವತಿ "ತಲುಪ್ಲಿ, ತಲುಪ್ಲಿ" ಎನ್ನುತ್ತಿದ್ದರು. ಕಲಾವತಿ ಹೊಡೆಯುವಾಗ ಸುಗಂಧಿ "ಹೋಗಿ, ಹೋಗಿ" ಎನ್ನುತ್ತಿದ್ದರು. ಆಫೀಸರ್‌ಗೆ ಭಾಷೆ ತಿಳಿಯದಿದ್ದರೂ ಅವನು ತಲೆಯಾಡಿಸಿ ಬಿಟ್ಟುಬಿಟ್ಟ. ಸುಗಂಧಿಗೆ ನಾಲ್ಕು ತಟ್ಟೆ ಸಿಕ್ಕವು, ಆಮೇಲೆ ಐದೂ.

ಕೊನೆಯ ಸುತ್ತಿನಲ್ಲಿ ಕಲಾವತಿಯ ಮೂರನೆಯ ಗುಂಡಿನ ಹೊತ್ತಿಗೆ ಖಾಲಿ ತೋಟೆಯೊಂದು ಹೊರಬೀಳದೆ ಬೋಲ್ಟಿನ ಬಾಯಲ್ಲಿ ಸಿಕ್ಕಿಕೊಂಡಿತು. ಹಿಂದೆ ದೀಕ್ಷಿತ್ "ಅಯ್ಯೋ" ಎಂದ. ಕಲಾವತಿ ನಳಿಗೆಯನ್ನು ತಟ್ಟೆಗಳ ಕಡೆಗೇ ಇಟ್ಟುಕೊಂಡು, ನೋಯುವ ಭುಜದಿಂದಲೇ ಬೋಲ್ಟನ್ನು ಜೋರಾಗಿ ಎಳೆದು ತೋಟೆಯನ್ನು ಉದುರಿಸಿದರು. ಆಮೇಲೆ ಅವರು ಯಾವ ಸದ್ದಿಗೂ ಕಾಯಲಿಲ್ಲ. ಉಳಿದ ತಟ್ಟೆಗಳು ಒಂದರ ಬಾಲ ಹಿಡಿದು ಒಂದು ಮೊಳಗಿದವು.

"ನೋಡಿ, ಆಯ್ತಲ್ಲ" ಎಂದರು ಸುಗಂಧಿ. ರೈಫಲ್ ಖಾಲಿಯೆಂದು ಆಫೀಸರ್ ನೋಡಿ ಹೇಳಿದ ಮೇಲೆ ಬೀಗಿತ್ತಿಯನ್ನು ತಬ್ಬಿಕೊಂಡರು.

ಕೊನೆಯಿಂದ ಮೂರನೆಯ ಸ್ಥಾನ ಬಂತು. ಅವರ ಕೆಳಗಿದ್ದ ಎರಡು ಜೋಡಿಗಳ ಹೆಸರನ್ನು ಸುಗಂಧಿ ಫೋಟೊ ತೆಗೆದು ದೇವದಾಸರಿಗೆ ಕಳಿಸಿದರು.

ಸ್ಪರ್ಧೆ ಮುಗಿದ ಮೇಲೆ ಉಳಿದ ಗುಂಡು ಮುಗಿಸಲು ಸಮಯವಿತ್ತು. ಎಲ್ಲಕ್ಕಿಂತ ದೊಡ್ಡ ಚೌಕದ ತಟ್ಟೆಯ ಎದುರು ಸುಗಂಧಿ ಕಲಾವತಿಯನ್ನು ನಿಲ್ಲಿಸಿದರು.

"ಇದಕ್ಕೆ ಟೈಮಿಲ್ಲ, ಮಾರ್ಕಿಲ್ಲ. ಹತ್ತೂ ಬಿಡಿ. ಎಷ್ಟು ಬೇಗ ಆಗ್ತದೋ ಅಷ್ಟು."

"ಅದರಿಂದ ಏನ್ ಉಪಯೋಗ ಕಣ್ರೀ?"

"ಉಪಯೋಗ ಎಂತ ಇಲ್ಲ. ಬಿಡಿ ನೀವು."

ಕಲಾವತಿ ಬಿಟ್ಟರು. ತಟ್ಟೆ ಮಳೆಗೆ ಸಿಕ್ಕ ತಗಡಿನಂತೆ ಒಂದೇ ಸಮನೆ ಮೊರೆಯಿತು, ಹಿತ್ತಾಳೆ ತೋಟೆಗಳು ಬಿಸಿಲಲ್ಲಿ ಮಿಂಚುತ್ತ ಬಲಕ್ಕೆ ಹಾರಿದವು. ರೈಫಲ್ ಕೆಳಗಿಟ್ಟು ಅವರು ತಿರುಗಿದಾಗ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ನಗು ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷ ಮೀಟರು ಹಿಡಿದು ಸಿಗ್ನಲ್ಲು ಅಳೆದವರು ಅಂದು ಏನನ್ನೂ ಅಳೆಯಲಿಲ್ಲ.

"ಸುಗಂಧಿ, ಇನ್ನೊಂದು ಮ್ಯಾಗಝೀನ್ ಇದ್ಯಾ?" ಎಂದರು. ಯಾವಾಗಲೂ ಹೆಸರಿಗೆ ಸೇರಿಸುತ್ತಿದ್ದ "ಅವರೇ" ಎಲ್ಲೋ ಬಿದ್ದುಹೋಗಿತ್ತು.

ಸೀಸದ ಪುಡಿ ಹೋಗಲೆಂದು ಸಾಬೂನು ಹಚ್ಚಿ ತಣ್ಣೀರಲ್ಲಿ ಎರಡೆರಡು ಸಲ ಕೈ ತೊಳೆದ ಮೇಲೆ ಪಿಕ್ನಿಕ್ ಮೇಜಿನಲ್ಲಿ ಗೋಳಿಬಜೆ, ಪುಳಿಯೋಗರೆ ತೆರೆದುಕೊಂಡವು. ಅಮ್ಮಂದಿರಿಬ್ಬರೂ ತಲೆ ತಾಗಿಸಿಕೊಂಡು ಒಂದೇ ಫೋನಿನಲ್ಲಿ ಏನೋ ತುಂಬುತ್ತಿರುವುದನ್ನು ರಚನಾ ನೋಡಿದಳು.

"ಏನಮ್ಮಾ ಅದು?"

"ಡಿಸೆಂಬರಿನ ಮ್ಯಾಚು, ಎಲ್‌ಎ ಕಡೆದು" ಎಂದರು ಕಲಾವತಿ. "ಹಿಂದಿನ ದಿನವೇ ಹೋಗಿ ಸುಗಂಧಿ ಮನೇಲಿ ಉಳ್ಕೋತೀನಿ."

"ರೈಫಲ್?" ಎಂದ ದೀಕ್ಷಿತ್.

"ನೀನು ತರ್ತೀಯಲ್ಲ" ಎಂದು ಸುಗಂಧಿ ಅವನ ತಟ್ಟೆಗೆ ಇನ್ನೆರಡು ಗೋಳಿಬಜೆ ಹಾಕಿದರು.