ಬೋಣಿಯ ಕೈ

ಉಗುರಿಗೆ ಬಣ್ಣ ಹಚ್ಚುವ ನಮ್ಮ ಅಂಗಡಿಯಲ್ಲಿ ಬೋಣಿಗೆ ಬರುವ ಗಿರಾಕಿ ಬರೀ ಗಿರಾಕಿ ಅಲ್ಲ. ಒಡತಿ ಬಿಕ್ ಅಕ್ಕ ಬೆಳಿಗ್ಗೆ ಬೀಗ ತೆಗೆದು, ಬಾಗಿಲ ಪಕ್ಕ ನೆಲದ ಮೇಲೆ ಕೂತಿರುವ ಧನದೇವರಿಗೆ ಊದುಬತ್ತಿ ಹಚ್ಚಿ, ಒಂದು ಲೋಟ ಕಪ್ಪು ಕಾಫಿ ಇಟ್ಟು ಕಾಯುತ್ತಾಳೆ. ಮೊದಲು ಮೇಜಿನ ಮೇಲೆ ಬೀಳುವ ಕೈಯ ಗುಣದ ಮೇಲೆ ದಿನವಿಡೀ ವ್ಯಾಪಾರ ನಿಂತಿದೆ ಎಂದು ಅವಳ ನಂಬಿಕೆ. ಬಸುರಿ ಬಂದರೆ ಅವಳ ಮುಖ ಅರಳುತ್ತದೆ, ಏಕೆಂದರೆ ಬಸುರಿಯರ ಉಗುರು ಹುಲ್ಲಿನ ಹಾಗೆ ಬೆಳೆಯುತ್ತದೆ. ಮುಟ್ಟು ನಿಂತ ಮೇಲೆ ಉಗುರೆಲ್ಲ ಪದರ ಪದರವಾಗಿ ಸೀಳುತ್ತಿರುವ ನನ್ನಂಥವಳು ಅಷ್ಟಕ್ಕಷ್ಟೆ.

"ಯೆನ್, ನಿನ್ನ ಕೈ ನೋಡಿದ್ರೆ ಬಂದೋರು ಓಡಿಹೋಗ್ತಾರೆ ಕಣೇ. ಗ್ಲೌಸ್ ಹಾಕ್ಕೋ," ಎಂದು ನನ್ನ ಹೆಸರು ಹಿಡಿದು ಅಣಕಿಸುತ್ತಾಳೆ. ತನ್ನ ಕೈಯನ್ನು ಮಾತ್ರ ಗ್ಲೌಸ್ ಕಳಚಿ ಎಲ್ಲರಿಗೂ ತೋರಿಸುತ್ತಾಳೆ. ಚಳಿಗಾಲದಲ್ಲಿ ಬಂದ ನಮ್ಮ ತಾಯ್ನಾಡಿನ ಹೊಸವರ್ಷದ ಹಬ್ಬ ತೆತ್‌ಗೆ ನಾನೇ ಅವಳಿಗೆ ಗುಲಾಬಿ ಬಣ್ಣ ಬಳಿದು ಚಿನ್ನದ ಹೂ ಬಿಡಿಸಿದ್ದೆ. "ಹಬ್ಬ ಮುಗಿದು ಎಷ್ಟು ದಿನ ಆಯ್ತು, ಒಂಚೂರು ಕೆಟ್ಟಿಲ್ಲ ನೋಡಿ," ಎಂದು ಕೊಚ್ಚಿಕೊಂಡು, ಕೆಮ್ಮಿ, ಉಗುರಿನ ಧೂಳಿಗೆ ಶಾಪ ಹಾಕುತ್ತಾಳೆ.

ಮಿಸ್ ಒಡೀಲ್ ಎಪ್ಪತ್ತು ದಾಟಿದವಳು, ನಾವು ಬಂದು ನೆಲೆಸಿದ ಪೋರ್ಟ್ ಆರ್ಥರ್‌ನ ಅರ್ಧ ಊರನ್ನು ಶಾಲೆಯ ಬಸ್ಸಿನಲ್ಲಿ ಹೊತ್ತು ತಿರುಗಿದವಳು. ಬೇಗ ಏಳುವ ಅಭ್ಯಾಸ ನಿವೃತ್ತಿಯಾದರೂ ಹೋಗಿರಲಿಲ್ಲ. ಹಾಗಾಗಿ ಎರಡು ವಾರಕ್ಕೊಮ್ಮೆ ಬೋಣಿ ಅವಳದೇ. ನನ್ನ ಮಗಳ ಮದುವೆಗೆ ಪಾತ್ರೆ ತುಂಬ ಸೀಗಡಿಯ ಗಂಬೋ ಸಾರು ಮಾಡಿ ತಂದಿದ್ದಳು. ಈ ಊರಿನಲ್ಲಿ ನನ್ನನ್ನು "ಕಂದ" ಎಂದು ಕರೆಯುವ ಜೀವ ಅವಳೊಂದೇ, ಅವಳೆಂದರೆ ನನಗೆ ಪ್ರಾಣ.

ಅವಳಿಗೆ ಗಾಢ ಕೆಂಪೇ ಆಗಬೇಕು. ಕೆಲವು ತಿಂಗಳಿಂದ ಹಳೆಯ ಬಣ್ಣ ತೆಗೆಯಲೂ ಬಿಡುತ್ತಿರಲಿಲ್ಲ. "ಅದರ ಮೇಲೇ ಹಚ್ಚು ಕಂದ," ಎನ್ನುತ್ತಿದ್ದಳು. ಎರಡು ವಾರವಾದರೆ ಯಾರ ಉಗುರಾದರೂ ಬುಡದಲ್ಲಿ ಬಣ್ಣವಿಲ್ಲದ ಸಣ್ಣ ಗೆರೆ ಬಿಡುತ್ತದೆ. ವಯಸ್ಸಾದವರದು ನಿಧಾನ, ಆದರೂ ಬಿಡುತ್ತದೆ. ಅವಳದು ಬಿಡುತ್ತಿರಲಿಲ್ಲ. ಒಂದು ಸಲ ಅನುಮಾನಕ್ಕೆ ಅವಳ ಉಂಗುರದ ಬೆರಳಿನಲ್ಲಿ, ಚರ್ಮಕ್ಕೆ ಒತ್ತಿದ ಹಾಗೆ ಒಂದು ಬೆಳ್ಳಿ ಚುಕ್ಕಿ ಇಟ್ಟೆ. ಮುಂದಿನ ಸಲ ಬಂದಾಗಲೂ ಚುಕ್ಕಿ ಚರ್ಮಕ್ಕೆ ಒತ್ತಿಕೊಂಡೇ ಇತ್ತು.

ಅವಳು ಹೋದ ಮೇಲೆ ಬಿಕ್ ಅಕ್ಕ ಬಂದು ನಿಂತಳು. ಅವಳೂ ನೋಡಿದ್ದಳು.

"ಕೈ ತಣ್ಣಗಿತ್ತಾ?"

"ಸ್ವಲ್ಪ. ವಯಸ್ಸಾಯ್ತಲ್ಲ ಅಕ್ಕ."

"ನಮ್ಮಮ್ಮ ತೀರಿಕೊಂಡಾಗ ನಾನೇ ಅವಳ ಉಗುರಿಗೆ ಬಣ್ಣ ಹಚ್ಚಿದ್ದು. ಮಣ್ಣು ಮಾಡೋವರೆಗೂ ಹಿಂಗೇ ಇತ್ತು, ಕದಲಲಿಲ್ಲ. ಬದುಕಿರೋರ ಉಗುರು ಒಂದು ಕಡೆ ನಿಲ್ಲಲ್ಲ ಕಣೇ."

"ನಮ್ಮೆದುರೇ ಕೂತು ಕಾಫಿ ಕುಡೀತಾಳೆ. ಹೆಣ ಕಾಫಿ ಕುಡಿಯುತ್ತಾ?"

"ದೇವರಿಗೆ ಇಟ್ಟ ಕಾಫಿನೂ ಸಂಜೆಗೆ ಕಡಿಮೆ ಆಗಿರುತ್ತೆ. ಯಾರು ಕುಡಿದ್ರು?" ಎಂದಳು. ನಗಲಿಲ್ಲ. "ಅವಳಿಗೆ ಹೇಳು, ಇನ್ಮೇಲೆ ಮಧ್ಯಾಹ್ನದ ಮೇಲೆ ಬರ್ಲಿ. ಬೋಣಿಗೆ ಬೇಡ."

ಒಡತಿಯ ಮಾತು, ಫೋನ್ ಮಾಡಿ ಹೇಳಿದೆ. ಮಿಸ್ ಒಡೀಲ್ "ಆಗಲಿ ಕಂದ," ಎಂದಳು, ಅಷ್ಟೇ.

ಅವಳ ದಿನ ಬಂತು. ಬೀಗ ತೆಗೆಯುವ ಹೊತ್ತಿಗೇ ಅವಳ ಕಾರು ಅಂಗಡಿಗೆ ಮುಖ ಮಾಡಿ ನಿಂತಿತ್ತು. ಗಾಜಿನ ಮೇಲೆ ಬಿಸಿಲು ಬಿದ್ದು ಮುಖ ಕಾಣುತ್ತಿರಲಿಲ್ಲ. ಸ್ಟಿಯರಿಂಗ್ ಮೇಲಿನ ಹತ್ತು ಕೆಂಪು ಉಗುರುಗಳು ಮಾತ್ರ ಕಾಣುತ್ತಿದ್ದವು, ಅವು ಅಲುಗಲಿಲ್ಲ. ಬಿಕ್ ಅಕ್ಕ ಪರದೆ ಎಳೆದಳು. ಬೆಳಗಿನಿಂದ ಒಂದು ನರಪಿಳ್ಳೆಯೂ ಬಾಗಿಲು ತಳ್ಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಮಿಸ್ ಒಡೀಲ್ ತಾನೇ ಇಳಿದು ಬಂದಳು. ಪಾದಗಳು ಊದಿ ಚಪ್ಪಲಿಯ ಪಟ್ಟಿಯ ಆಚೆ ಉಕ್ಕಿದ್ದವು. ಉಸಿರಿನ ಜೊತೆ ಎದೆಯೊಳಗೆ ಗುಳುಗುಳು ಸದ್ದು.

"ಶ್ವಾಸಕೋಶದ ಸುತ್ತ ನೀರು ತುಂಬಿದೆಯಂತೆ," ಎಂದಳು. "ಸೂಜಿ ಹಾಕಿ ತೆಗೀತಾರೆ, ಮತ್ತೆ ತುಂಬುತ್ತೆ. ಯಾಕೆ ಅಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ. ನಾಳೆ ಆಕ್ಸಿಜನ್ ನೋಡೋಕೆ ಬೆರಳಿಗೆ ಕ್ಲಿಪ್ ಹಾಕ್ತಾರಂತೆ, ಒಂದು ಬೆರಳಿನ ಬಣ್ಣ ತೆಗಿ ಸಾಕು."

ಹತ್ತಿಗೆ ದ್ರಾವಣ ಹಾಕಿ ತೋರುಬೆರಳಿಗೆ ಸುತ್ತಿದೆ. ಬಣ್ಣ ಎದ್ದು ಬಂತು. ಕೆಳಗಿನ ಉಗುರು ದಪ್ಪಗೆ, ಹಳೆಯ ಹಲ್ಲಿನ ಹಾಗೆ ಹಳದಿ. ಬುಡದಲ್ಲಿ ಇರಬೇಕಾದ ತೆಳು ಚರ್ಮವೇ ಇಲ್ಲ.

"ಎಲ್ಲಾ ಹೀಗೇ ಇದ್ಯಾ?"

"ಕೆಲವು ತಿಂಗಳಾಯ್ತು. ಅದಕ್ಕೇ ಅಲ್ವಾ ಈ ಕೆಂಪು? ವಯಸ್ಸಾಯ್ತು, ಇನ್ನೇನು."

"ಡಾಕ್ಟರ್ ನೋಡಿದಾರಾ?"

"ನೀನು ಇಷ್ಟು ಚೆಂದ ಹಚ್ಚಿರ್ತೀಯ, ಅವರು ಏನು ನೋಡ್ತಾರೆ?"

ನನಗೆ ಅಳುವೇ ಬಂತು. ಆ ಉಗುರಿಗೂ ಅವಳ ಎದೆಗೂ ಏನು ಸಂಬಂಧ ಎಂದು ನಾನು ಕಂಡವಳಲ್ಲ. ಆದರೆ ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ತೋರಿಸಿದರೆ ಯಾರು ತಾನೇ ಏನು ಹೇಳಿಯಾರು? ಕೇಳದೆ ಮಿಕ್ಕ ಬೆರಳುಗಳಿಗೂ ಹತ್ತಿ ಸುತ್ತಿದೆ. ಅವಳು ಕೈ ಎಳೆದುಕೊಳ್ಳಲು ನೋಡಿದಳು, ಬಿಡಲಿಲ್ಲ.

"ಇದನ್ನ ಹೊತ್ಕೊಂಡು ನಾಲ್ಕು ಜನರ ಮುಂದೆ ಹೋಗ್ಲಾ? ಹೆಣದ ಕೈ ಥರ ಇದೆ!"

"ಹೋಗಿ. ಬೈಕೊಂಡೇ ಹೋಗಿ. ಅವರಿಗೆ ತೋರಿಸೋ ತನಕ ನಾನು ಬಣ್ಣ ಹಚ್ಚಲ್ಲ."

ಬೈದುಕೊಂಡೇ ಹೋದಳು. ಆಮೇಲೆ ಅವಳ ಕಾರು ಕಾಣಲಿಲ್ಲ. ಫೋನ್ ಎತ್ತಲಿಲ್ಲ. ಸತ್ತೇ ಹೋದಳೇನೋ, ಕೊನೆಗೆ ನನ್ನ ಮೇಲೆ ಮುನಿಸಿಕೊಂಡೇ ಹೋದಳೇನೋ ಎಂದು ದಿನವೂ ಬಾಗಿಲ ಕಡೆ ನೋಡುತ್ತಿದ್ದೆ. ಬಿಕ್ ಅಕ್ಕ ಮಾತ್ರ, "ಯಾವತ್ತೋ ಸತ್ತಿದ್ಳು ಬಿಡು," ಎಂದು ಕೆಮ್ಮುತ್ತಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಊದುಬತ್ತಿ ಹಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು. ಮಿಸ್ ಒಡೀಲ್! ಬಿಕ್ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ಬಾ, ಮುಟ್ಟಿ ನೋಡು. ಕಚ್ಚಲ್ಲ," ಎಂದು ಮುದುಕಿ ಬರಿಗೈ ಚಾಚಿದಳು. ಉಗುರು ಇನ್ನೂ ಹಳದಿ. ಆದರೆ ಬುಡದಲ್ಲಿ, ಹತ್ತಕ್ಕೆ ಹತ್ತೂ ಬೆರಳಲ್ಲಿ, ಕೂದಲೆಳೆಯಷ್ಟು ಹೊಸ ಗುಲಾಬಿ ಗೆರೆ. "ಉಗುರು ನೋಡ್ತಿದ್ದ ಹಾಗೇ ಡಾಕ್ಟರ್ ಕಾಯಿಲೆಯ ಹೆಸರು ಹೇಳಿದ, ಎದೆ ನೀರು, ಕಾಲು ಊತ, ಈ ಹಳದಿ, ಎಲ್ಲಾ ಒಂದೇ ಕಾಯಿಲೆಯಂತೆ. ವಾಸಿ ಅಂತ ಹೇಳಲಿಲ್ಲ. ಆದ್ರೆ ಉಸಿರಾಡ್ತಾ ಇದೀನಿ."

ಬಿಕ್ ಅಕ್ಕ ಗ್ಲೌಸ್ ಕಳಚಿ ಅಂಜುತ್ತಾ ಅವಳ ಕೈ ಮುಟ್ಟಿದಳು. ಬೆಚ್ಚಗಿತ್ತೆಂದು ಕಾಣುತ್ತದೆ, ನಕ್ಕಳು. ಮಿಸ್ ಒಡೀಲ್ ಅವಳ ಬೆರಳು ಹಿಡಿದುಕೊಂಡಳು.

"ಹೂವು ಚೆನ್ನಾಗಿದೆ. ಯಾವಾಗ ಹಾಕಿಸಿದ್ದು?"

"ತೆತ್ ಹಬ್ಬಕ್ಕೆ! ಒಂಚೂರು..." ಎಂದವಳು ಮಾತು ನಿಲ್ಲಿಸಿದಳು.

ಮೂವರೂ ನೋಡಿದೆವು. ಗುಲಾಬಿ ಬಣ್ಣ, ಚಿನ್ನದ ಹೂ, ಅದರ ಬೆನ್ನಿಗೇ ಚರ್ಮ. ನಡುವೆ ಗೆರೆ ಇರಲಿಲ್ಲ.

"ಈ ಕೆಮ್ಮು ಯಾವಾಗಿಂದ?" ಎಂದು ಮುದುಕಿ ಮೆಲ್ಲಗೆ ಕೇಳಿದಳು. ಬಿಕ್ ಅಕ್ಕ ಕೈ ಕಿತ್ತುಕೊಂಡು ಒಳಗೆ ಹೋದಳು.

ಮರುದಿನ ನಾನು ಬರುವಾಗ ಅಂಗಡಿಗೆ ಬೀಗ. ಬಿಕ್ ಅಕ್ಕನ ಕಾರು ಅಂಗಡಿಗೆ ಮುಖ ಮಾಡಿ ನಿಂತಿತ್ತು, ಸ್ಟಿಯರಿಂಗ್ ಮೇಲೆ ಹತ್ತು ಚಿನ್ನದ ಹೂ. ಗಾಜು ತಟ್ಟಿದೆ.

"ನೀನು ತೆಗಿ," ಎಂದು ಬೀಗದ ಕೈ ಕೊಟ್ಟಳು. "ಯಾರಾದ್ರೂ ಬೋಣಿ ಮಾಡಿ ಹೋಗ್ಲಿ. ನಾನು ಮಧ್ಯಾಹ್ನದ ಮೇಲೆ ಬರ್ತೀನಿ."

ನಾನು ಬೀಗ ತೆಗೆದು, ಊದುಬತ್ತಿ ಹಚ್ಚಿ, ಕಾಫಿ ಇಟ್ಟು, ಹೊರಗೆ ಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ನನ್ನ ಮೇಜಿನ ಮುಂದೆ ಕೂರಿಸಿದೆ. ಮಿಸ್ ಒಡೀಲ್‌ಗೆ ಆಗಲೇ ಫೋನ್ ಮಾಡಿದ್ದೆ, ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಅವಳು ಬರುವವಳಿದ್ದಳು.

"ಬೋಣಿ ಕೆಡುತ್ತೆ ಕಣೇ, ಯೆನ್."

"ಕೆಡ್ಲಿ. ಕೈ ಇಡು."

ಹತ್ತಿ ಸುತ್ತಿದೆ. ಚಿನ್ನದ ಹೂಗಳು ಒಂದೊಂದಾಗಿ ಕರಗಿ ಬಂದವು. ಕೆಳಗೆ ಏನಿದೆ ಎಂದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ, ಮುಖ ಬಾಗಿಲ ಕಡೆ ತಿರುಗಿಸಿದ್ದಳು. ನಾನು ನೋಡಿದೆ, ಅದೇ ಹಳೆಯ ಹಲ್ಲಿನ ಹಳದಿ.

"ನನ್ನ ಕೈ ಬೆಚ್ಚಗಿದ್ಯಾ?" ಎಂದಳು.

"ಬೆಚ್ಚಗಿದೆ ಅಕ್ಕ," ಎಂದು ಸುಳ್ಳು ಹೇಳಿ, ಎರಡೂ ಕೈಗಳನ್ನು ನನ್ನ ಅಂಗೈಯೊಳಗಿಟ್ಟು ಉಜ್ಜತೊಡಗಿದೆ.